ನಿನ್ನ ಪಾಲಿನ ಮರಿ

ಹಟಮಾರಿ ಅಕ್ಕಾ,

ಇದನ್ನು ನೀನು ಓದುವುದಿಲ್ಲ ಎಂದು ನನಗೆ ಗೊತ್ತು. ಬದುಕಿದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ. ಆಸ್ಪತ್ರೆಯ ರಿಪೋರ್ಟು ಕೈಗೆ ಕೊಟ್ಟರೆ ತಲೆಕೆಳಗಾಗಿ ಹಿಡಿದು, "ಎಲ್ಲಾ ಚಲೋ ಐತಿ ತಗೋ" ಎಂದು ನೀನೇ ತೀರ್ಪು ಕೊಡುತ್ತಿದ್ದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಹೇಳಲೇಬೇಕಾದ ಒಂದು ಸುದ್ದಿ ಇದೆ. ಮೊದಲು ಅಳುವುದನ್ನೆಲ್ಲ ಅತ್ತು ಮುಗಿಸುತ್ತೇನೆ, ಆಮೇಲೆ ಹೇಳುತ್ತೇನೆ.

ಬಾಬಲೇಶ್ವರದ ಗಂಡನ ಮನೆ ಸಾಕೆಂದು ನೀನು ಬಿಜ್ಜರಗಿಗೆ ತಿರುಗಿ ಬಂದ ದಿನ ನನಗೆ ನಿನ್ನೆಯಷ್ಟು ಸ್ಪಷ್ಟ. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಕರಿ ಆಡಿನ ಹಗ್ಗ. ಅವ್ವ ಬಾಗಿಲಲ್ಲೇ ಗೊಳೋ ಎಂದು ಅಳುತ್ತ ನಿಂತರೆ ನೀನು, "ಅಳೂದು ಆಮ್ಯಾಲ ಬೇ, ಮೊದಲ ಇದಕ್ಕ ನೀರ ಇಡು" ಅಂದಿದ್ದೆ. ಮೂರು ವರ್ಷದಲ್ಲಿ ಆ ಒಂದು ಆಡು ಆರಾಯಿತು. ನಮ್ಮ ಊರಲ್ಲಿ ಹೆಂಗಸರ ಹೆಸರಿಗೆ ಹೊಲ ಎಲ್ಲಿತ್ತು? ಆಡು ಮಾತ್ರ ಅವರವು. ಅದರ ಮೇಲೆ ಯಾರೂ ಕೈ ಇಡುತ್ತಿರಲಿಲ್ಲ.

ವಿಜಯಪುರದಲ್ಲಿ ನನಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೀಟು ಸಿಕ್ಕ ವಾರ ನೀನು ಆ ಆರನ್ನೂ ಸಂತೆಗೆ ಹೊಡೆದುಕೊಂಡು ಹೋದೆ. ಬರುವಾಗ ನಿನ್ನ ಹೆಗಲ ಮೇಲೆ ಬರೀ ಹಗ್ಗಗಳಿದ್ದವು. ಗೋಡೆಗೆ ಮುಖ ಮಾಡಿ ಅಳುತ್ತಿದ್ದ ನನ್ನ ಬೆನ್ನಿಗೆ ಒಂದು ಗುದ್ದಿ, "ಮಾರಿಲ್ಲ ಲೇ ಹುಚ್ಚಿ, ನಿನಗ ಪಾಲಿಗಿ ಕೊಟ್ಟೇನಿ" ಅಂದೆ. ಮೇಯಿಸಲಾಗದವರು ಆಡನ್ನು ಇನ್ನೊಬ್ಬರಿಗೆ ಪಾಲಿಗೆ ಬಿಡುತ್ತಾರಲ್ಲ, ಹುಟ್ಟಿದ ಮರಿಗಳಲ್ಲಿ ಸಾಕಿದವರಿಗೆ ಅರ್ಧ, ಒಡೆಯರಿಗೆ ಅರ್ಧ, ಹಾಗೆ. "ನೀ ನೌಕರಿ ಮಾಡು. ಮರಿ ಆಗಲಿ. ಅರ್ಧ ನಂದು, ನೆಪ್ಪಿರಲಿ ರೇಣೀ." ನಾನು ಕಣ್ಣೊರೆಸಿಕೊಂಡು ಹೂಂ ಎಂದಿದ್ದೆ.

ಮೊದಲ ಪಗಾರದ ದಿನ ಸೀರೆ, ಪೇಡೆ ಹಿಡಿದು ಓಡಿ ಬಂದು ನೋಟುಗಳನ್ನು ನಿನ್ನ ಉಡಿಗೆ ಹಾಕಿದರೆ ನೀನು ಮುಟ್ಟಲೇ ಇಲ್ಲ. "ಇದು ಹಾಲು ಬೇ, ಮರಿ ಅಲ್ಲ. ಹಾಲು ಕುಡದ್ರ ಮುಗೀತು. ಮರಿ ತೋರಸು ನನಗ." ಅಯ್ಯೋ, ಎಂಥ ಮಾತು ಹೇಳಿದ್ದೆ! ತಿಂಗಳ ಪಗಾರ ಹಾಲು. ಅದರಲ್ಲಿ ಉಳಿದು ಬೆಳೆಯುವುದೇ ಮರಿ. ಮುಂದೆ ನಾನು ಆಸ್ಪತ್ರೆ ಬದಲಿಸಿದಾಗ ಜೊತೆಯವರೆಲ್ಲ ಪಿ.ಎಫ್. ಬಿಡಿಸಿಕೊಂಡು ಫ್ರಿಜ್ಜು, ಬಂಗಾರ ತಂದರು. ನನಗೂ ಆಸೆಯಾಗಿ ನಿನಗೆ ಫೋನ್ ಮಾಡಿದೆ. "ಹೆಣ್ಣ ಮರಿ ಯಾರರ ಮಾರತಾರೇನ? ಮುಟ್ಟಬ್ಯಾಡ!" ಎಂದು ನೀನು ಫೋನ್ ಕುಕ್ಕಿದೆ. ನಾನು ಮುಟ್ಟಲಿಲ್ಲ. ಪಗಾರ ಹೆಚ್ಚಾದಾಗಲೆಲ್ಲ ಹೆಚ್ಚಾದಷ್ಟನ್ನು ಆರ್.ಡಿ.ಗೆ ಹಾಕಿ, ಅದೇ ಹಳೆಯ ಸ್ಕೂಟಿಯಲ್ಲಿ ಡ್ಯೂಟಿಗೆ ಹೋದೆ.

ನಾನು ಊರಿಗೆ ಬಂದಾಗಲೆಲ್ಲ, ಇನ್ನೂ ಚಪ್ಪಲಿ ಬಿಡುವ ಮೊದಲೇ ನೀನು ಕೇಳುತ್ತಿದ್ದೆ: "ರೇಣೀ, ನನ್ನ ಪಾಲಿನ ಮರಿ ಎಲ್ಲಿ?" ನಾನು, "ಇನ್ನೂ ಸಣ್ಣದೈತಿ ಅಕ್ಕಾ, ಬೆಳೀಲಿ" ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ನೀನು ಚೇಷ್ಟೆಗೆ ಕೇಳುತ್ತಿದ್ದೆಯೋ, ನಿಜವಾಗಿಯೇ ಕೇಳುತ್ತಿದ್ದೆಯೋ? ನಾನು ಒಂದು ಸಲವಾದರೂ ಎದುರು ಕೂತು...

ಆ ಶಿವರಾತ್ರಿಗೆ ಊರಿಗೆ ಬಂದಾಗ ನಿನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದೆ. ಬೆಳ್ಳಗಿತ್ತು. ಆಗ ನೀನು ತಿಕೋಟಾದ ಒಣದ್ರಾಕ್ಷಿ ಶೆಡ್ಡಿಗೆ ಕಡ್ಡಿ ಆರಿಸಲು ಹೋಗುತ್ತಿದ್ದೆ. ಅಂಗಳದಲ್ಲೇ ಕೂರಿಸಿ ನಿನ್ನ ರಕ್ತ ತೆಗೆದುಕೊಂಡು ಹೋಗಿ, ನಾನೇ ಪರೀಕ್ಷೆ ಮಾಡಿದೆ. ಬಂದ ಹಿಮೋಗ್ಲೋಬಿನ್ ಸಂಖ್ಯೆ ತೀರಾ ಕಡಿಮೆ ಇತ್ತು, ಓಡಿ ಹೋಗಿ ಡಾಕ್ಟರಿಗೆ ತೋರಿಸಿದೆ. ತಡ ಮಾಡದೆ ಅಡ್ಮಿಟ್ ಮಾಡಿ, ಸ್ಕ್ಯಾನ್ ಆಗಲಿ ಎಂದರು ಡಾಕ್ಟರು. ಅದೇ ವಾರ, ವಿಜಯಪುರದ ಜಲನಗರದ ಅಂಚಿನಲ್ಲಿ ನಾನು ಕೊಳ್ಳಲು ಗೊತ್ತು ಮಾಡಿದ್ದ ಸೈಟಿನ ನೋಂದಣಿ ಇತ್ತು. ಇಷ್ಟು ವರ್ಷ ಉಳಿಸಿದ್ದೆಲ್ಲ ಅಲ್ಲಿಗೆ ಹೋಗಬೇಕಿತ್ತು. ನಿನಗೆ ಫೋನ್ ಮಾಡಿ, "ಸೈಟ್ ಬಿಡತೀನಿ ಅಕ್ಕಾ, ಮೊದಲ ನಿನ್ನ ಆರಾಮ ಮಾಡೂಣು" ಎಂದೆ ನಾನು. "ನನ್ನ ಸಲುವಾಗಿ ಹೆಣ್ಣ ಮರಿ ಮಾರತೀಯೇನ? ಸೀಜನ್ ಮುಗೀಲಿ, ನಾನ ಬರತೀನಿ. ಗಟ್ಟಿ ಅದೀನಿ" ಎಂದೆ ನೀನು.

ನಾನು ಎರಡನೇ ಸಲ ಹೇಳಲಿಲ್ಲ. ಇದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ: ನೀನು ಬೇಡವೆಂದಾಗ ನನಗೆ ಒಳಗೊಳಗೇ ಹಗುರಾಯಿತು. ಹೌದು, ಹಗುರಾಯಿತು. ನೀನು ಓದು ಬಾರದವಳು, ಗಟ್ಟಿ ಇದ್ದೇನೆ ಎಂದೆ. ಸಂಖ್ಯೆ ಓದಿದವಳು ನಾನಲ್ಲವೇ? ಊರವರ ರಕ್ತ ನೋಡಿ ಬೆಳಗಾದರೆ ಎಚ್ಚರಿಕೆ ಹೇಳುವ ನಾನು, ನಿನ್ನನ್ನು ರಟ್ಟೆ ಹಿಡಿದು ಎಳೆದುಕೊಂಡು ಬರಬೇಕಿತ್ತೋ ಇಲ್ಲವೋ? ನಾನು ಹೋಗಿ ಸೈಟಿನ ಕಾಗದಕ್ಕೆ ಸಹಿ ಹಾಕಿದೆ.

ಸೀಜನ್ ಮುಗಿಸಿ ನೀನು ಬಂದಾಗ ಬಸ್ಸಿನಿಂದ ಇಳಿಯಲೂ ಆಗಲಿಲ್ಲ. ಕಂಡಕ್ಟರ್ ಕೈ ಹಿಡಿದು ಇಳಿಸಿದ. ಆಸ್ಪತ್ರೆಯಲ್ಲಿ ಇದ್ದದ್ದು ಹತ್ತೊಂಬತ್ತು ದಿನ. ಕೊನೆಯ ಸಂಜೆ ನೀನು ಕೇಳಿದ್ದು ಇಷ್ಟೇ: "ಸೈಟಿಗಿ ಹದ್ದಿನ ಕಲ್ಲ ಹಾಕಿಸಿದೇನ ಬೇ?" "ಹಾಕಿಸೀನಿ ಅಕ್ಕಾ." "ಚಲೋ ಆತು." ಅರ್ಧ ನಿನ್ನದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಈಗ ಹೇಳಿದರೆ ಸಾಯುವವಳಿಗೆ ಹೇಳಿದ ಹಾಗಾಗುತ್ತದೆ, ಆರಾಮಾದ ಮೇಲೆ ಹೇಳೋಣ ಎಂದು ನುಂಗಿಕೊಂಡೆ.

ಮಣ್ಣು ಕೊಟ್ಟು ಬಂದ ಮೂರನೇ ದಿನ, ಶೆಡ್ಡಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದ ಬೋರವ್ವ ಮನೆಗೆ ಬಂದಳು. "ನಿಮ್ಮಕ್ಕ ದಿನಾ ಹೇಳತಿದ್ಲ ನೋಡವ್ವಾ, ಜಲನಗರದಾಗ ನಂದೂ ಅರ್ಧ ಜಾಗಾ ಐತಿ, ಸಾಹೇಬ್ರ ಮನಿಗೋಳ ನಡುವ ಆಡ ಕಟ್ಟತೀನಿ ಅಂತ. ನಾವೆಲ್ಲಾ ನಗತಿದ್ವಿ" ಎಂದಳು. ನಾನು ನಗಲಿಲ್ಲ. ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ನಾನು ಒಮ್ಮೆಯೂ ಹೇಳಲಿಲ್ಲ, ನೀನು ಒಂದು ದಿನವೂ ಸಂಶಯ ಪಡಲಿಲ್ಲ.

ಈಗ ಸುದ್ದಿ ಕೇಳು. ಹೋದ ವರ್ಷ ಮನೆ ಕಟ್ಟಿಸಿದೆ, ಅರ್ಧ ಸೈಟಿನಲ್ಲಿ ಮಾತ್ರ. ಎರಡು ಖೋಲಿ, ಒಂದು ಅಡುಗೆಮನೆ. ಗೌಂಡಿ ಹಣೆ ಚಚ್ಚಿಕೊಂಡ: "ಇಂಥಾ ತುಟ್ಟಿ ಜಾಗಾ ಖಾಲಿ ಬಿಡತಾರೇನ್ರಿ ಮೇಡಮ್ಮರ? ಬಾಡಿಗಿ ಮನಿ ಎಬ್ಬಸ್ರಿ." "ಅದು ನಂದಲ್ರಿ, ನಮ್ಮಕ್ಕಂದು" ಎಂದೆ. "ಹಂಗಾರ ಅವರನ್ನ ಒಂದ ಮಾತ ಕೇಳ್ರಿ" ಎಂದ, ಪಾಪ. ಆ ಅರ್ಧದಲ್ಲಿ ಈಗ ಒಂದು ಬೇವಿನ ಸಸಿ, ಒಂದು ಗೂಟ, ಬಿಜ್ಜರಗಿಯಿಂದ ತಂದ ಒಂದು ಕರಿ ಆಡು. ಪಕ್ಕದ ಮನೆಯವರು ವಾಸನೆ ಎಂದು ಎರಡು ಸಲ ಜಗಳಕ್ಕೆ ಬಂದು ಹೋದರು. ಬರಲಿ ಬಿಡು.

ಮೊನ್ನೆ ಸೋಮವಾರ ಡ್ಯೂಟಿ ಮುಗಿಸಿ ಬಂದರೆ ಅದು ಮರಿ ಹಾಕಿತ್ತು. ಎರಡು, ಎರಡೂ ಹೆಣ್ಣು. ನಿನ್ನ ಹಸಿರು ಸೀರೆಯ ಅಂಚು ಹರಿದು ಒಂದರ ಕೊರಳಿಗೆ ಕಟ್ಟಿದ್ದೇನೆ. ಅದನ್ನು ಯಾರು ಎಷ್ಟು ಕೇಳಿದರೂ ಮಾರುವುದಿಲ್ಲ. ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದೆಯಲ್ಲ, ಎಲ್ಲಿ ಎಂದು?

ಇಲ್ಲಿದೆ ನೋಡು, ಅಕ್ಕಾ.

ನಿನ್ನ ರೇಣಿ