ಒಂಬತ್ತನೇ ಹಾಡಿನ ಖಾಲಿ ಜಾಗ

ಏಪ್ರಿಲ್ 20, ಭಾನುವಾರ

ಬೆಳಿಗ್ಗೆಯಿಂದ ಬೆಂಗಳೂರಿನ ಹುಡುಗರ ಹೊಸ ಆಲ್ಬಮ್ ಕೇಳಿದೆ. ಗಿಟಾರ್ ಬೆಳಗಿಟ್ಟ ಪಾತ್ರೆಯಷ್ಟು ಸ್ವಚ್ಛ. ಸಾಹಿತ್ಯ ಮಾತ್ರ ಬಾಲ್ಕನಿ, ಕಾಫಿ, ಬೇಜಾರು — ಮತ್ತೆ ಬಾಲ್ಕನಿ. ಬಾಲ್ಕನಿ ಇರುವುದೇ ಇಷ್ಟು ದುಃಖವಾದರೆ ನಮ್ಮ ಇಂಡಿ ಊರಿಗೆ ಬಂದು ಒಂದು ಬೇಸಿಗೆ ತಗಡಿನ ಕೆಳಗೆ ಮಲಗಲಿ. ನನ್ನ ಹಾಡು-ವಿಮರ್ಶೆಯ ಎಪಿಸೋಡಿನಲ್ಲಿ ಇದನ್ನೇ ಹೇಳಿದೆ. ಶಿಲ್ಲಾಂಗಿನ ಹುಡುಗಿಯರ ಆಲ್ಬಮ್ ಮುಂದಿನ ತಿಂಗಳು. ಎರಡು ಹಾಡು ಬಿಟ್ಟಿದ್ದಾರೆ. ಡ್ರಮ್ಮಿಗೆ ಜೀವ ಇದೆ. ಕಾಯಬಹುದು.

ನಮ್ಮ 'ಕಿವಿಹಿಂಡು' ಚಾನೆಲ್‌ಗೆ ಕೇಳುವವರಿಗಿಂತ ಬೈಯುವವರೇ ಜಾಸ್ತಿ. ಮೆಡಿಕಲ್‌ನಲ್ಲಿ ಗುಳಿಗೆ ಮಾರುವುದು ಬಿಟ್ಟು ಈ ರಾಕು ಗೀಕು ಯಾಕೆ ಅಂತ ಒಬ್ಬ ಕಮೆಂಟ್ ಹಾಕಿದ್ದ. ಎರಡೂ ಮಾಡುತ್ತೇನೆ, ತಲೆನೋವಿದ್ದರೆ ಬಾ ಅಂತ ಬರೆದೆ.

ಸಂಜೆ ಸಿಂದಗಿಯ ಸಂಗು ತನ್ನ ಬ್ಯಾಂಡಿನ ಆಲ್ಬಮ್ ಕಳಿಸಿದ. ಬ್ಯಾಂಡಿನ ಹೆಸರು ಡಾಂಬರು. ಗಿಟಾರ್ ಅವನದು, ಡ್ರಮ್ಸ್ ಬಸವನ ಬಾಗೇವಾಡಿಯ ಯಶೋಧಾ ಟೀಚರ್‌ದು. ಬಿಡುಗಡೆ ಜೂನ್‌ನಲ್ಲಿ. ಅದಕ್ಕೆ ಮೊದಲು ನನ್ನ ಅಭಿಪ್ರಾಯ ಬೇಕಂತೆ, ಮುಲಾಜಿಲ್ಲದೆ ಹೇಳಬೇಕಂತೆ.

ಎಂಟು ಹಾಡು ಕೇಳಿದೆ. ಚೆನ್ನಾಗಿವೆ. ಒಂಬತ್ತನೆಯದು ಹಾಕಲಿಲ್ಲ. ಅದರಲ್ಲಿ ಅಪ್ಪನ ದನಿ ಇದೆ.

ಏಪ್ರಿಲ್ 23, ಬುಧವಾರ

ಹಾಕಿದೆ. ಅವ್ವ ಕರೆಂಟ್ ಬಿಲ್ ಕಟ್ಟಲು ಹೋಗಿದ್ದಳು.

ಅಪ್ಪ ಹೊರ್ತಿಯ ಮೊಹರಂ ಮೇಳದ ಹಾಡುಗಾರ. ಹೊರ್ತಿ ಮೈಬೂಬ ಅಂದರೆ ಚಡಚಣದಾಚೆಗೂ ಗೊತ್ತಿತ್ತು. ರಿವಾಯತ ಪದ ಇಬ್ಬರ ಹಾಡು. ಒಬ್ಬ ಸಾಲು ಎತ್ತಬೇಕು, ಜೋಡಿಯವ ಜವಾಬು ಕೊಡಬೇಕು. ಅಪ್ಪನ ಜೋಡಿ ಬಸಣ್ಣ ಕಾಕಾ. ಹೋದ ನವೆಂಬರಿನಲ್ಲಿ ಬ್ಯಾಂಡಿನವರು ಸ್ಟುಡಿಯೋ ಮಾಡಿಕೊಂಡಿರುವ ಚಡಚಣದ ಒಣದ್ರಾಕ್ಷಿ ಶೆಡ್ಡಿನಲ್ಲಿ ಸಂಗು ಅಪ್ಪನ ಸಾಲು ರೆಕಾರ್ಡ್ ಮಾಡಿಕೊಂಡ. ಅವತ್ತು ಕಾಕಾ ಕಣ್ಣಿನ ಆಪರೇಷನ್‌ಗೆ ಸೊಲ್ಲಾಪುರಕ್ಕೆ ಹೋಗಿದ್ದರು. ಜವಾಬು ಮುಂದಿನ ವಾರ ಅಂದರು. ಆ ವಾರದಲ್ಲೇ ಅಪ್ಪ ಅಂಗಳದಲ್ಲಿ ನೀರು ಕಾಯಿಸುತ್ತಾ ಕುಸಿದವ ಮತ್ತೆ ಏಳಲಿಲ್ಲ. ಕಾಕಾ ಆಮೇಲೆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

ಹಾಡಿನ ನಡುವೆ ಗಿಟಾರ್ ನಿಲ್ಲುತ್ತದೆ. ಅಪ್ಪ ಎತ್ತುತ್ತಾನೆ: "ಹೊಳಿ ದಾಟಿ ಬಂದೇನಿ, ದೀಪ ಹಿಡಿಯವ್ರ ಯಾರು..." ಆಮೇಲೆ ಖಾಲಿ. ಮತ್ತೆ ಗಿಟಾರ್.

ತುಂಬಾ ಅತ್ತೆ. ಚಿಕ್ಕವಳಿದ್ದಾಗ ಅಪ್ಪ ದಾಡಿ ಮಾಡಿಕೊಳ್ಳುತ್ತಾ ಇದೇ ಸಾಲು ಎತ್ತುತ್ತಿದ್ದ. ಅಡಿಗೆಮನೆಯಿಂದ ಜವಾಬು ನನ್ನದು. ದೊಡ್ಡವಳಾದ ಮೇಲೆ ಸಾಕು ಅಂದುಬಿಟ್ಟ. ಹೆಣ್ಣುಮಕ್ಕಳು ಮೇಳದಲ್ಲಿ ನಿಲ್ಲುವುದಿಲ್ಲ, ರೂಢಿ ಯಾಕೆ ಬೆಳೆಸುವುದು ಅಂತ. ಅವನ ಮೇಲೆ ನನಗಿದ್ದ ಸಿಟ್ಟು ಅದೊಂದೇ.

ಕಣ್ಣೊರೆಸಿಕೊಂಡು ಸಂಗುಗೆ ವಾಯ್ಸ್ ನೋಟ್ ಹಾಕಿದೆ. ಇಡೀ ಆಲ್ಬಮ್‌ನಲ್ಲಿ ನೆನಪಿನಲ್ಲಿ ಉಳಿಯುವುದು ಈ ಸಾಲು, ಅದು ಒಂದೇ ಸಲ ಬಂದು ಹೋಗುತ್ತದೆ. ಲೂಪ್ ಮಾಡು. ಮತ್ತೆ ಮತ್ತೆ ಬರಲಿ. ಪ್ರತಿ ಸಲವೂ ಮುಂದಿನ ಜಾಗ ಖಾಲಿ ಬಿಡು. ಮಗಳಾಗಿ ಅಲ್ಲ, ವಿಮರ್ಶಕಿಯಾಗಿ ಹೇಳುತ್ತಿದ್ದೇನೆ ಅಂತಲೂ ಸೇರಿಸಿದೆ. ಸುಳ್ಳು. ಮಗಳಿಗೇ ಅದು ಇನ್ನೊಮ್ಮೆ ಬೇಕಿತ್ತು.

ಮೇ 2, ಶುಕ್ರವಾರ

ಹೊಸ ಮಿಕ್ಸ್ ಬಂತು. ಅಪ್ಪ ಕರೆಯುತ್ತಾನೆ, ಖಾಲಿ. ಕರೆಯುತ್ತಾನೆ, ಖಾಲಿ. ಯಶೋಧಾ ಟೀಚರ್ ಡ್ರಮ್ಸ್ ಮುಟ್ಟದೆ ಸುಮ್ಮನೆ ಕೂತಿದ್ದಾರೆ, ಅದೇ ದೊಡ್ಡ ಜಾಣತನ. ಈ ವರ್ಷ ನಮ್ಮ ಕಡೆ ಇಂಥ ಹಾಡು ಬಂದಿಲ್ಲ.

ಒಂದೇ ದೋಷ. ಕೊನೆಯ ಖಾಲಿ ಜಾಗದಲ್ಲಿ ಯಾರೋ ಉಸಿರು ಎಳೆದುಕೊಳ್ಳುವ ಸದ್ದು. ಹಾಡಲು ಬಾಯಿ ತೆರೆಯುವ ಮುಂಚೆ ಎಳೆದುಕೊಳ್ಳುತ್ತಾರಲ್ಲ, ಹಾಗೆ. ತೆಗಿ ಅಂದೆ. ಅಲ್ಲೇನೂ ಇಲ್ಲ ಅಂದ ಸಂಗು. ಸ್ಕ್ರೀನ್‌ಶಾಟ್ ಕಳಿಸಿದ. ಹೌದು, ಆ ಜಾಗದಲ್ಲಿ ಸದ್ದಿನ ಗೆರೆ ನೆಟ್ಟಗೆ ಮಲಗಿದೆ.

ಇಯರ್‌ಫೋನ್ ಹಳತಾಗಿರಬೇಕು.

ಮೇ 11, ಭಾನುವಾರ

ಎಪಿಸೋಡಿಗಾಗಿ ಯಶೋಧಾ ಟೀಚರ್ ಬಾಗೇವಾಡಿಯಿಂದ ಬಂದಿದ್ದರು. ಅವ್ವ ಬದನೆಕಾಯಿ ಎಣಗಾಯಿ ಮಾಡಿದ್ದಳು. ಊಟವಾದ ಮೇಲೆ ಸ್ಪೀಕರಿನಲ್ಲಿ ಒಂಬತ್ತನೆಯದು ಹಾಕಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ನನ್ನ ಬೆನ್ನು ತಟ್ಟಿದರು.

"ನೀವು ಶೆಡ್ಡಿಗೆ ಯಾವಾಗ ಹೋಗಿದ್ರಿ? ನಿಮ್ಮ ದನಿ ಭಾಳ ಛಲೋ ಕುಂತೈತ್ರಿ."

ನಾನು ಆ ಶೆಡ್ಡಿಗೆ ಕಾಲಿಟ್ಟಿಲ್ಲ.

ಮತ್ತೆ ಹಾಕಿದೆವು. ಕೊನೆಯ ಖಾಲಿ ಜಾಗದಲ್ಲಿ ಹೆಣ್ಣು ದನಿ. ಅರ್ಧ ಶಬ್ದ ಎತ್ತಿ ನಿಲ್ಲುತ್ತದೆ. ನನ್ನದೇ. ಎಪಿಸೋಡುಗಳಲ್ಲಿ ಕೇಳಿ ಕೇಳಿ ನನಗೇ ಬೇಸರ ಬಂದಿರುವ ಅದೇ ಒಡಕು ದನಿ. ಟೀಚರ್ ಸಂಗುಗೆ ಫೋನ್ ಮಾಡಿ ಅಲ್ಲೂ ಹಾಕಿಸಿದರು. ಸಿಂದಗಿಯಲ್ಲಿ ಏನೂ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ. ನಿಮಗೆ ಗೊತ್ತಿಲ್ಲದೆ ನೀವೇ ಗುನುಗುತ್ತಿರಬೇಕು ಅಂದು ಅವರು ಬಸ್ಸಿಗೆ ಹೊರಟರು. ಚಹಾ ಕುಡಿಯಲೂ ನಿಲ್ಲಲಿಲ್ಲ.

ಗುನುಗುತ್ತಿದ್ದೇನಾ? ಆಗಲೇ ಪರೀಕ್ಷೆ ಮಾಡಿದೆ. ಬಾಯಿ ತುಂಬ ನೀರು ತುಂಬಿಕೊಂಡು, ತುಟಿ ಬಿಗಿದು, ಹಾಡು ಹಾಕಿದೆ.

ದನಿ ಬಂತು. ನೀರು ಬಾಯಲ್ಲೇ ಇತ್ತು.

ಮೇ 14, ಬುಧವಾರ

ರಜೆ ಹಾಕಿ ಟೆಂಪೋ ಹಿಡಿದು ಹೊರ್ತಿಗೆ ಹೋದೆ. ಬಸಣ್ಣ ಕಾಕಾ ಬೇವಿನ ಗಿಡದ ಕೆಳಗೆ ದನದ ನೀರಿನ ಬಾನಿಗೆ ಒರಗಿ ಕೂತಿದ್ದರು. ಇಳಿದುಹೋಗಿದ್ದಾರೆ. ಮೊದಲು ಅವ್ವನ ಮಂಡಿನೋವು ವಿಚಾರಿಸಿದರು, ಆಮೇಲೆ ನನ್ನ ಮದುವೆ. ಫೋನಿನಲ್ಲಿ ಹಾಡು ಹಾಕಿದೆ. ಅಪ್ಪ ಎರಡನೇ ಸಲ ಎತ್ತಿದ ಕೂಡಲೇ ಕಾಕಾ ನನ್ನ ಕೈ ಹಿಡಿದುಕೊಂಡರು.

"ಯಾರ ಮಾಡಿದ್ದಿದು?"

ಲೂಪ್ ಅಂದರೇನು ಅಂತ ಬಿಡಿಸಿ ಹೇಳಿದೆ. ಅಭಿಪ್ರಾಯ ನನ್ನದೇ ಅಂತಲೂ ಹೇಳಿದೆ. ಅವರು ಬಾನಿಯ ನೀರಿನಲ್ಲಿ ಕೈ ಅದ್ದಿ ಮುಖ ಒರೆಸಿಕೊಂಡರು. ಜೋಡಿಯಲ್ಲಿ ಒಬ್ಬ ಸತ್ತರೆ ಮುಂದಿನ ಮೊಹರಂ ಮುಗಿಯುವವರೆಗೆ ಅವನು ಎತ್ತುತ್ತಿದ್ದ ಸಾಲನ್ನು ಯಾರೂ ಎತ್ತುವುದಿಲ್ಲ, ಜವಾಬೂ ಕೊಡುವುದಿಲ್ಲ. ಅದು ಮೇಳದ ಪದ್ಧತಿ ಅಂದರು. ನನಗೂ ಗೊತ್ತಿತ್ತು. ರೆಕಾರ್ಡಿಗೂ ಅದು ಅನ್ವಯಿಸುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ?

"ಒಮ್ಮೆ ಎತ್ತಿದ್ರ ಅದು ಹಾಡವ್ವ. ಜವಾಬ ಬರಲಿಲ್ಲಂದ್ರ ಅಲ್ಲಿಗೇ ಬಿಡಬೇಕು. ಮತ್ತ ಮತ್ತ ಎತ್ತಿದ್ರ ಅದು ಹಾಡಲ್ಲ, ಕರಿಯೂದು."

ಯಾರನ್ನು ಅಂತ ಕೇಳಿದೆ. ಮನೆಯಲ್ಲಿ ಅವನಿಗೆ ಜವಾಬು ಕೊಡುತ್ತಿದ್ದವರು ಯಾರು ಅಂತ ಅವರೇ ತಿರುಗಿ ಕೇಳಿದರು. ಜವಾಬು ಪೂರಾ ಮಾಡಿದರೆ ಏನಾಗುತ್ತದೆ ಅಂದದ್ದಕ್ಕೆ, ಆ ಜವಾಬಿನಲ್ಲಿ ಏನಿದೆ ನೆನಪು ಮಾಡಿಕೋ ಅಂದರು. ಹಿಡಿದೇನಿ ದೀಪ, ನಾ ಬಂದೇನಿ ನಿನ್ನ ಜೋಡಿ. ಅಷ್ಟು ವರ್ಷ ಹಾಡಿದ್ದೇನೆ, ಅರ್ಥ ಮಾಡಿಕೊಂಡಿರಲಿಲ್ಲ. ನನ್ನ ಬದಲು ನೀವೇ ಕೊಟ್ಟುಬಿಡಿ ಕಾಕಾ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವರಿಗೆ ಕೇಳಿಸಿತೇನೋ.

"ನಾನ ಕೊಡಬೇಕಾಗಿತ್ತು. ಅಂಜತೇನವ್ವ" ಅಂದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಕಣ್ಣು ಒತ್ತಿಕೊಂಡರು.

ಮೇ 15, ಗುರುವಾರ

ಲೂಪ್ ತೆಗಿ ಅಂತ ಸಂಗುಗೆ ಫೋನ್ ಮಾಡಿದೆ. ತಡವಾಗಿದೆ. ಆ ತುಣುಕನ್ನು ಮೊನ್ನೆಯೇ ಹೊರಗೆ ಬಿಟ್ಟಿದ್ದಾನೆ, ಆಲ್ಬಮ್‌ನ ಮೊದಲ ಝಲಕ್ ಅಂತ. ಜನ ಎತ್ತಿಕೊಂಡಿದ್ದಾರೆ. ಮುದ್ದೇಬಿಹಾಳದಲ್ಲಿ ಟ್ರ್ಯಾಕ್ಟರ್ ಮೇಲೆ ಹಾಕಿ ರೀಲ್ಸ್ ಮಾಡಿದ್ದಾರಂತೆ.

"ನೀವ ಹೇಳಿದ್ದಲ್ರಿ ಮೇಡಮ್, ಮತ್ತ ಮತ್ತ ಬರಲಿ ಅಂತ?"

ಫೋನ್ ಇಟ್ಟುಬಿಟ್ಟೆ.

ಕಮೆಂಟುಗಳನ್ನು ಓದಿದೆ. ಏನು ದನಿ, ಯಾರು ಈ ಮುದುಕ. ಎಲ್ಲರಿಗೂ ಒಂದೇ ದೂರು, ಸಾಲು ಅರ್ಧಕ್ಕೆ ನಿಂತಿದೆ. ಜವಾಬು ಯಾವಾಗ ಬರುತ್ತದೆ?

ಜೂನ್ 8, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬಕ್ರೀದ್ ಮುಗಿಯಿತು. ಶಿಲ್ಲಾಂಗಿನ ಆಲ್ಬಮ್ ಬಂತು, ಕೇಳಿಲ್ಲ. ಚಾನೆಲ್ ಮುಚ್ಚಿದಂತೆಯೇ.

ಊರೆಲ್ಲ ಅಪ್ಪ. ಹಾಡುಹಗಲೇ. ಬಸ್ ಸ್ಟ್ಯಾಂಡಿನಲ್ಲಿ ಟಂಟಂ ಡ್ರೈವರನ ಜೇಬಿನಿಂದ, ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣಿನ ಹರಾಜಿನ ನಡುವೆ ಯಾರದೋ ರಿಂಗ್‌ಟೋನಿನಿಂದ. ದೀಪ ಹಿಡಿಯವ್ರ ಯಾರು. ದೀಪ ಹಿಡಿಯವ್ರ ಯಾರು. ಮೆಡಿಕಲ್ ಮಾಲೀಕರು ಸರ್ಫರಾಜ ಭಾಯ್ ಎರಡು ಸಲ ಎಚ್ಚರಿಸಿದರು, ಗಿರಾಕಿ ಎದುರಿಗೆ ಬಾಯಿ ತೆರೆದು ನಿಂತಿರುತ್ತೀ, ಮೈಗೆ ಹುಷಾರಿಲ್ಲವೇ ಅಂತ. ನಾಲಿಗೆ ಕಚ್ಚಿಕೊಳ್ಳುತ್ತೇನೆ. ರಕ್ತ ಬರುತ್ತದೆ.

ಒಂದು ಮಾತು ಇಲ್ಲಿ ಮಾತ್ರ ಬರೆಯಬಲ್ಲೆ. ಹೆದರಿಕೆ ಇರುವಷ್ಟೇ ಆಸೆಯೂ ಇದೆ. ಅವನು ಎತ್ತಿದಾಗ ಸುಮ್ಮನಿರುವುದು ನೀರಡಿಸಿದವಳು ತುಂಬಿದ ಕೊಡದ ಮುಂದೆ ಕೈಕಟ್ಟಿ ನಿಂತಂತೆ.

ಇವತ್ತು ಅವ್ವ ಸ್ಪೀಕರನ್ನು ಹಳೆ ಸೀರೆಯಲ್ಲಿ ಸುತ್ತಿ ಜೋಳದ ಚೀಲದ ಹಿಂದೆ ತುರುಕಿದಳು. ಅವಳಿಗೆ ಯಾರು ಹೇಳಿದರೋ. ಬಸಣ್ಣ ಕಾಕಾ ಇರಬೇಕು. ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ ತಲೆಗೆ ಎಣ್ಣೆ ಹಚ್ಚಿದಳು. ಹಚ್ಚುತ್ತಾ ಹಚ್ಚುತ್ತಾ ಕೈ ನಿಂತಿತು.

"ಅಂವ ನನ್ನ ಕರೆಯಾಕತ್ತಿಲ್ಲ. ನನ್ನ ಕರದಿದ್ರ ನಾ ಎಂದೋ ಹೋಗಿರ್ತಿದ್ದೆ. ನೀ ಓ ಅನಬ್ಯಾಡ, ನನ್ನ ಮಗಳ. ನನಗ ನೀ ಒಬ್ಬಾಕೀನ ಇರೂದು."

ಅನ್ನುವುದಿಲ್ಲ ಅಂತ ಅವಳ ತಲೆ ಮುಟ್ಟಿ ಮಾತು ಕೊಟ್ಟೆ.

ಜೂನ್ 20, ಶುಕ್ರವಾರ

ಡಾಂಬರು ಆಲ್ಬಮ್ ಹೊರಬಂತು. ಯಶೋಧಾ ಟೀಚರ್ ಸಂಗು ಜೊತೆ ಜಗಳ ಆಡಿದರಂತೆ. ಲೂಪ್ ಇಲ್ಲ. ಝಲಕ್ ಕೂಡ ತೆಗೆಸಿದ್ದಾರೆ. ಒಂಬತ್ತನೇ ಹಾಡಿನಲ್ಲಿ ಅಪ್ಪ ಒಂದೇ ಸಲ ಎತ್ತುತ್ತಾನೆ, ಆಮೇಲಿನ ಜಾಗ ನಿಜವಾಗಿಯೂ ಖಾಲಿ. ಬಾಯಲ್ಲಿ ನೀರು ತುಂಬಿಕೊಂಡು ಕೇಳಿದೆ. ಏನೂ ಇಲ್ಲ.

ಅಭಿಪ್ರಾಯ ಬರೆದು ಹಾಕಿದೆ. ಎಂಟು ಹಾಡು ಗಟ್ಟಿ, ಒಂಬತ್ತನೆಯದು ಸಪ್ಪೆ. ಪ್ರಾಮಾಣಿಕ ಅಭಿಪ್ರಾಯ. ಸಂಗು ಒಂದು ನಮಸ್ಕಾರದ ಚಿತ್ರ ಕಳಿಸಿದ.

ಅವ್ವ ಶಾವಿಗೆ ಪಾಯಸ ಮಾಡಿದಳು. ಬಹಳ ದಿನದ ಮೇಲೆ ನಿದ್ದೆ ಬಂತು.

ಜೂನ್ 28, ಶನಿವಾರ

ನಿನ್ನೆ ಮೊಹರಂ ಚಂದ್ರ ಶುರು. ಊರು ತಣ್ಣಗಿದೆ, ಫೋನುಗಳಲ್ಲಿ ಬೇರೆ ಯಾವುದೋ ಹಾಡು. ಜನ ಎಷ್ಟು ಬೇಗ ಮರೆಯುತ್ತಾರೆ. ಒಳ್ಳೆಯದೇ ಆಯಿತು.

ಒಳ್ಳೆಯದು ಅಂತ ಬರೆದೆ. ಕಸ ಗುಡಿಸುತ್ತಾ ಅಂಗಳದ ಮೂಲೆಯಲ್ಲಿ ಸುಮ್ಮನೆ ನಿಂತು ಕಿವಿಗೊಟ್ಟೆ. ಯಾರೂ ಕರೆಯಲಿಲ್ಲ. ಅದಕ್ಕೂ ಅಳು ಬಂತು.

ಜುಲೈ 3, ಗುರುವಾರ, ಮಧ್ಯಾಹ್ನ

ಅವ್ವ ಮೊಹರಂನ ಅಲಾಯಿ ದೇವರಿಗೆ ಹರಕೆಯ ಸಕ್ಕರೆ ಓದಿಸಲು ಹೊರ್ತಿಗೆ ಹೋಗಿದ್ದಾಳೆ. ಜೊತೆಗೆ ಬಾ ಅಂದಳು. ಮೇಳ ಕೇಳುವ ಧೈರ್ಯ ಇರಲಿಲ್ಲ, ಉಳಿದೆ. ಕರೆಂಟ್ ಇಲ್ಲ. ಫೋನ್ ಚಾರ್ಜ್ ಇಳಿದು ಸತ್ತು ಬಿದ್ದಿದೆ. ಸ್ಪೀಕರ್ ಚೀಲದ ಹಿಂದೆ ಸೀರೆಯೊಳಗೇ ಇದೆ, ಈಗಷ್ಟೇ ಮುಟ್ಟಿ ನೋಡಿ ಬಂದೆ. ಓಣಿಯಲ್ಲಿ ಒಂದು ನಾಯಿಯೂ ಇಲ್ಲ.

ಅಂಗಳದಿಂದ ಅಪ್ಪ ಎತ್ತಿದ.

ಒಮ್ಮೆ. ಒಮ್ಮೆಯಾದರೆ ಅದು ಹಾಡು, ಕಾಕಾ ಹೇಳಿದ್ದಾರೆ. ಬಾಗಿಲು ಹಾಕಿ ಅಗಳಿ ಜಡಿದು ಕೂತೆ.

ಎರಡನೇ ಸಲ ಎತ್ತಿದ. ಸಾಲಿನ ಕೊನೆಗೆ ಕೆಮ್ಮಿದ. ರೆಕಾರ್ಡಿನಲ್ಲಿ ಕೆಮ್ಮು ಇಲ್ಲ. ನೀರೊಲೆಯ ಹೊಗೆ ಕುಡಿದಾಗಿನ ಕೆಮ್ಮು ಅದು. ಆಮೇಲೆ, ತನ್ನೂ, ಅಂದ. ನನ್ನನ್ನು ತರನ್ನುಮ ಅಂತ ಪೂರ್ತಿ ಹೆಸರು ಹಿಡಿಯದೆ ತನ್ನೂ ಅನ್ನುತ್ತಿದ್ದವನು ಅವನೊಬ್ಬನೇ.

ಬಾಯಿಗೆ ಓಡ್ನಿ ತುರುಕಿಕೊಂಡು ಬರೆಯುತ್ತಿದ್ದೇನೆ. ಕೈಗೆ ಕೆಲಸ ಇದ್ದರೆ ಬಾಯಿ ಸುಮ್ಮನಿರುತ್ತದೆ. ಅವ್ವ ಸಂಜೆ ಬಸ್ಸಿಗೆ ಬರುತ್ತಾಳೆ. ಅಲ್ಲಿಯವರೆಗೆ ತಡೆದರೆ ಆಯಿತು.

ಮತ್ತೆ. ಈಗ ಬಾಗಿಲ ಹತ್ತಿರ. ದೀಪ ಹಿಡಿಯವ್ರ ಯಾರು ಅನ್ನುವಲ್ಲಿ ದನಿ ನಡುಗುತ್ತದೆ. ಕತ್ತಲಲ್ಲಿದ್ದಾನೆ, ಪಾಪ. ಇಷ್ಟು ಬಿಸಿಲಿನಲ್ಲಿ ಅವನೊಬ್ಬನಿಗೆ ಕತ್ತಲು. ಹೆಣ್ಣುಮಕ್ಕಳು ಮೇಳದಲ್ಲಿ ನಿಲ್ಲುವುದಿಲ್ಲ ಅಂದವನೇ ಈಗ ನನ್ನನ್ನು ಜೋಡಿಗೆ ಕರೆಯುತ್ತಿದ್ದಾನೆ.

ಅವ್ವನಿಗೆ ಮಾತು ಕೊಟ್ಟಿದ್ದೇನೆ, ಹಾಡುವುದಿಲ್ಲ. ಬರೆದರೆ ಹಾಡಿದಂತೆ ಆಗುವುದಿಲ್ಲವಲ್ಲ. ಬಾಯಲ್ಲಿ ಬಟ್ಟೆ ಇದೆ. ಒಂದೇ ಸಲ ಬರೆದು ಬಿಡುತ್ತೇನೆ, ಎದೆ ಹಗುರಾಗುತ್ತದೆ —

ಹಿಡಿದೇನಿ ದೀಪ, ನಾ ಬಂದೇ