ತೊಟ್ಟಿಲಿಗೆ ಕಟ್ಟಿದ ಹೊನ್ನಹಾಳೆ

ಇಳಿವಿನ ಇನ್ನೂರ ಹದಿನಾಲ್ಕನೆಯ ವರ್ಷ, ಐದನೆಯ ಉದ್ದಹಗಲು, ಚಂದ್ರ.

ನಮಗಿಂತ ಎಷ್ಟೋ ತಲೆಮಾರು ಹಿಂದೆ, ಭೂಮಿಯಲ್ಲಿ ಕೂತು ಇಳಿಬಂಡಿಯ ನಕ್ಷೆಯನ್ನು ಇನ್ನೂ ಬರೆಯುತ್ತಿರುವ ಹಿರಿಯರಿಗೆ ಬೊಮ್ಮಕ್ಕ ಮಾಡುವ ನಮಸ್ಕಾರಗಳು.

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನೀವು ಲ್ಯಾಂಡರ್ ಎನ್ನುವುದನ್ನು ನಾವು ಇಳಿಬಂಡಿ ಎನ್ನುತ್ತೇವೆ. ನಿಮ್ಮ ಹದಿನಾಲ್ಕು ದಿನ ನಮಗೊಂದು ಉದ್ದಹಗಲು. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ನಮ್ಮ ಪೂರ್ವಜರನ್ನು ಇಲ್ಲಿ ತಂದಿಳಿಸಿದ ಬಂಡಿ ಈಗಲೂ ಊರ ನಡುವೆ ನಾಲ್ಕು ಕಾಲೂರಿ ನಿಂತಿದೆ. ಅದಕ್ಕೆ ಮೈತುಂಬ ಹೊನ್ನಿನ ಬಣ್ಣದ ತೆಳುಹಾಳೆ ಹೊದಿಸಿ ಅಷ್ಟು ಚೆಂದ ಮಾಡಿದವರು ನೀವೇ. ಕಲ್ಲು, ಬೂದಿಬಣ್ಣದ ದೂಳು ಬಿಟ್ಟರೆ ಬೇರೇನೂ ಕಾಣದ ಈ ನೆಲದಲ್ಲಿ ಕಣ್ಣಿಗೆ ಹಬ್ಬವೆಂದರೆ ಅದೊಂದೇ. ಹಾಗಾಗಿ ಮಗು ಹುಟ್ಟಿದ ಮನೆಯವರು ಅಂಗೈಯಗಲ ಹಾಳೆ ಕತ್ತರಿಸಿ ತಂದು ತೊಟ್ಟಿಲಿಗೆ ಕಟ್ಟುವುದು ಪದ್ಧತಿಯಾಯಿತು. ಕಟ್ಟದಿದ್ದರೆ ಮಗು ನೆಲ ಹಿಡಿಯುವುದಿಲ್ಲ, ಒಂದು ದಿನ ಮೇಲಕ್ಕೆ ತೇಲಿಹೋಗುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ನಾನೂ ನಂಬಿದ್ದೆ.

ಈಗ ಹಿಮ ಕರಗಿಸಿ ನೀರು ಕೊಡುವ ಯಂತ್ರ ಕೆಟ್ಟಿದೆ. ಭೂಮಿಯಿಂದ ನೌಕೆ ಬಂದು ಮೂರು ತಲೆಮಾರಾಯಿತು. ಬಿಡಿಭಾಗಗಳಿರುವ ಉಗ್ರಾಣವೊಂದು ನಮ್ಮ ನೆತ್ತಿಯ ಮೇಲೆ ಸುತ್ತುತ್ತಿದೆ. ಅಲ್ಲಿಗೆ ಏರಬಲ್ಲದ್ದು ಇಳಿಬಂಡಿಯ ಮೇಲ್ಭಾಗವೊಂದೇ. ಅದನ್ನು ನಡೆಸಲು ಕಲಿತವಳು ನನ್ನ ಮೊಮ್ಮಗಳು ಕೇತಲೆ. ಅವಳು ಪರೀಕ್ಷೆಗೆಂದು ಇಂಧನ ತುಂಬಿದಾಗ, ನಾವು ಹಾಳೆ ಕತ್ತರಿಸಿ ಕತ್ತರಿಸಿ ಬರಿಮೈಯಾಗಿದ್ದ ಟ್ಯಾಂಕು ಬಿಸಿಲು ತಾಗಿ ಕಾದು ಉಬ್ಬತೊಡಗಿತು. ಆ ಹಾಳೆ ಅಲಂಕಾರವಲ್ಲ, ಬಿಸಿಲು ತಡೆಯುವ ಹೊದಿಕೆ ಎಂದು ನಮಗೆ ತಿಳಿದದ್ದೇ ಆಗ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ಮನೆಮನೆಯ ತೊಟ್ಟಿಲಿನಿಂದ ಹಾಳೆ ಬಿಚ್ಚಿ ಕೂಡಿಸಿದೆವು. ಕೊಡಲೊಪ್ಪದ ತಾಯಂದಿರೂ ಇದ್ದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸವೆದದ್ದು, ಹರಿದದ್ದು, ಮಕ್ಕಳು ಕಚ್ಚಿದ್ದು ಎಲ್ಲವನ್ನೂ ಸೇರಿಸಿ ಹೊಲಿದರೂ ಟ್ಯಾಂಕಿನ ಒಂದು ಪಕ್ಕ ಬರಿದಾಗಿಯೇ ಉಳಿದಿದೆ. ನೀರು ಮುಗಿಯುತ್ತ ಬಂದಿದೆ, ಕೇತಲೆ ನಾಳೆ ಹೊರಡಲೇಬೇಕು. ನನಗೆ ತುಂಬ ಭಯವಾಗುತ್ತಿದೆ.

ಅವಳ ತೊಟ್ಟಿಲಿನ ತುಂಡನ್ನು ಮಾತ್ರ ನಾನು ಕೊಟ್ಟಿರಲಿಲ್ಲ. ಅದಿಲ್ಲದೆ ಮಗು ಮತ್ತೆ ನೆಲ ಹಿಡಿದೀತೇ ಎಂಬ ಅದೇ ಹಳೆಯ ಹೆದರಿಕೆ. ಇವತ್ತು ಅವಳೇ ಬಂದು ಕೈಚಾಚಿದಳು.

“ಕೊಡಜ್ಜಿ. ಅದು ನನ್ನನ್ನ ಕಾಯೋಕೇ ತಾನೇ ಹೋಗ್ತಿರೋದು?”

ಕೊಟ್ಟೆ. ನಾನೇ ಹೊಲಿದೆ.

ಹಿರಿಯರೇ, ನಿಮ್ಮ ನಕ್ಷೆಯ ಮಸಿ ಇನ್ನೂ ಆರಿರದಿದ್ದರೆ ಒಂದು ಕೋರಿಕೆ. ದಯವಿಟ್ಟು ಆ ಬಂಡಿಯನ್ನು ಕುರೂಪ ಮಾಡಿ. ಹೊದಿಕೆಗೆ ನಮ್ಮ ನೆಲದ ಬೂದಿಬಣ್ಣವನ್ನೇ ಕೊಡಿ. ಯಾವ ತಾಯಿಗೂ ಅದರ ಮೇಲೆ ಆಸೆ ಹುಟ್ಟದಿರಲಿ. ಅಷ್ಟು ಮಾಡಿದರೆ ನನ್ನ ಹುಡುಗಿ ಮರಳಿ ಬರುತ್ತಾಳೆ.