ಅಕ್ಕಿಯ ಮೇಲೆ ಬರೆದ ಯೂಸರ್ ನೇಮ್

೪ ಫೆಬ್ರವರಿ ೨೦೦೭, ಭಾನುವಾರ. ಮಧ್ಯಾಹ್ನ ೩

ಊಟ ಆಯಿತು. ಬಂಗಡೆ ಮೀನು ನಾನೇ ಹುರಿದದ್ದು. ಚೆನ್ನಾಗಿತ್ತು, ಹೊಗಳುವವರು ಯಾರೂ ಇಲ್ಲ. ದೀಪಾಲಿ ತವರಿಗೆ, ಅಂಕೋಲೆಗೆ ಹೋಗಿ ಮೂರು ದಿನ—ಅತ್ತೆಯ ಕಣ್ಣಿನ ಆಪರೇಶನ್. ಅವಳು ಕಾರವಾರಕ್ಕೆ ಮರಳುವುದರೊಳಗೆ ಕಂಪ್ಯೂಟರ್ ರಿಪೇರಿ ಆಗಬೇಕು. ವೈರಸ್ ಹಿಡಿದು ಮಲಗಿದೆ. ಟ್ಯೂಶನ್ ಮಕ್ಕಳ ಪ್ರಶ್ನೆಪತ್ರಿಕೆಯನ್ನು ಪಾಪ, ತಿಂಗಳಿಂದ ಕೈಯಲ್ಲೇ ಬರೆಯುತ್ತಿದ್ದಾಳೆ.

ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಕೂರಿಸಲು ಮ್ಯಾಗಜಿನ್ ಜೊತೆ ಬಂದ ಲಿನಕ್ಸ್ ಸಿಡಿ ಹಾಕಿದೆ.

ಸಂಜೆ ೫

ಮೊದಲು ರೂಟ್ ಪಾಸ್‌ವರ್ಡ್ ಕೇಳಿತು. ರೂಟ್ ಅಂದರೆ ಯಜಮಾನ—ಯಾರನ್ನು ಸೇರಿಸಬೇಕು, ಯಾರನ್ನು ತೆಗೆಯಬೇಕು, ಎಲ್ಲ ಅವನದೇ. ಹನ್ನೆರಡು ಅಕ್ಷರ, ನಡುವೆ ಅಂಕಿ, ಒಂದು ಡಾಲರ್ ಚಿಹ್ನೆ. ಎರಡು ಸಲ ಹಾಕಿದೆ, ಹೊಂದಿತು. ಎಲ್ಲೂ ಬರೆದಿಡಬಾರದು. ಇಲ್ಲೂ ಬರೆಯುವುದಿಲ್ಲ.

ಆಮೇಲೆ ಯೂಸರ್‌ಗಳು. ಮೊದಲನೆಯದು ದೇವಿದಾಸ, ಅಂದರೆ ನಾನು. ಎರಡನೆಯದು ದೀಪಾಲಿ. ಹೆಸರಿಗೊಂದು ಚಿತ್ರ ಆರಿಸಬಹುದು. ಅವಳಿಗೆ ಬೆಕ್ಕು ಕೊಟ್ಟೆ. ಪಾಸ್‌ವರ್ಡ್ ನಮ್ಮ ಮದುವೆಯ ತಾರೀಖು. ನನಗೂ ನೆನಪಿದೆ ಅಂತ ಗೊತ್ತಾಗಲಿ! ಖುಷಿಪಡುತ್ತಾಳೆ.

೭ ಫೆಬ್ರವರಿ, ಬುಧವಾರ

ಡ್ಯೂಟಿ ಮುಗಿಸಿ ಕೈಗಾ ಬಸ್ಸಿನಿಂದ ಇಳಿದು ಬಂದರೆ ಮನೆಯಲ್ಲಿ ಲೈಟು. ಬಂದಿದ್ದಾಳೆ. ಚಹಾಕ್ಕೂ ಬಿಡದೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದೆ. ಸ್ಕ್ರೀನ್ ಮೇಲೆ ಬೆಕ್ಕು, ಕೆಳಗೆ ದೀಪಾಲಿ.

ನೋಡಿದಳು. ನಕ್ಕಳು—ಅರ್ಧ.

"ಇದರಲ್ಲಿ ಯಾವ ಹೆಸರು ಬೇಕಾದ್ರೂ ಹಾಕ್ಲಿಕ್ಕೆ ಬರ್ತದಾ?"

"ಹ್ಞಾ. ಎಂತಾ ಬೇಕಾದ್ರೂ."

"ಮತ್ತೆ ಒಂದು ಫೋನ್ ಮಾಡಿ ಕೇಳ್ಲಿಕ್ಕೆ ಎಂತಾ ಆಗಿತ್ತು ನಿಮ್ಗೆ? ಆವಾಗೂ ಕೇಳ್ಲಿಲ್ಲ, ಈಗೂ ಕೇಳ್ಲಿಲ್ಲ."

ಚಹಾ ಮಾಡಲು ಎದ್ದು ಹೋದಳು. ಆವಾಗ ಅಂದರೆ ಯಾವಾಗ? ಚಹಾ ಅರ್ಧ ಕುಡಿದ ಮೇಲೆ ನನ್ನ ಮಂಡೆಗೆ ಹೊಳೆಯಿತು. ಮದುವೆಯ ದಿನ. ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುವುದು ನಮ್ಮಲ್ಲಿ ಪದ್ಧತಿ. ಅಲ್ಲಿಯವರೆಗೆ ಅವಳು ಚಂಪಾ. ನಾನು ದೀಪಾಲಿ ಅಂತ ಬರೆದೆ. ಆಗ ಅದು ಭಾರೀ ಫ್ಯಾಶನ್ ಅನಿಸಿತ್ತು. ಎದುರು ಕೂತವಳಿಗೆ ಅಕ್ಷರ ತಲೆಕೆಳಗಾಗಿ ಕಂಡಿತ್ತಂತೆ. ಹೆಂಗಸರು ಕೂಗಿ ಹೇಳಿದ ಮೇಲೆಯೇ ತನ್ನ ಹೆಸರು ಏನಾಯಿತು ಅಂತ ಗೊತ್ತಾದದ್ದು. ಇದನ್ನು ಎಷ್ಟೋ ಸಲ ನಗುತ್ತಲೇ ಹೇಳಿದ್ದಾಳೆ. ನಾನೂ ನಕ್ಕಿದ್ದೇನೆ, ಕತ್ತೆ.

೮ ಫೆಬ್ರವರಿ. ಸಂಜೆ

ಚಂಪಾ ಅಂತ ಹೊಸ ಯೂಸರ್ ಸೇರಿಸೋಣ ಎಂದು ಕೂತೆ. ರೂಟ್ ಪಾಸ್‌ವರ್ಡ್ ಕೇಳಿತು. ಡಾಲರ್ ಮೊದಲೋ, ಕೊನೆಗೋ? ಹದಿನಾಲ್ಕು ಸಲ ಹೊಡೆದೆ. ಆಗಲಿಲ್ಲ. ಈ ಡೈರಿಯ ನಾಲ್ಕನೇ ತಾರೀಖು ತೆಗೆದು ನೋಡಿದೆ. 'ಇಲ್ಲೂ ಬರೆಯುವುದಿಲ್ಲ.' ಜಾಣ!

ಅವಳು ಮಾತು ಬಿಟ್ಟಿಲ್ಲ. ಸಾರಿಗೆ ಉಪ್ಪು ಸರಿಯಾಗಿಯೇ ಇದೆ. ಆದರೆ ಪ್ರಶ್ನೆಪತ್ರಿಕೆ ಈಗಲೂ ಕೈಯಲ್ಲೇ. ಬೆಕ್ಕನ್ನು ಒಮ್ಮೆಯೂ ಮುಟ್ಟಿಲ್ಲ.

೧೦ ಫೆಬ್ರವರಿ, ಶನಿವಾರ

ಅತ್ತೆಯನ್ನು ನೋಡಲು ಇಬ್ಬರೂ ಅಂಕೋಲೆಗೆ ಹೋಗಿ ಬಂದೆವು. ಅತ್ತೆ ಗೋದಾವರಿಬಾಯಿ ಕಪ್ಪು ಕನ್ನಡಕ ಹಾಕಿ ಜಗಲಿಯಲ್ಲಿ ಕೂತಿದ್ದರು. ಹೆಜ್ಜೆ ಸಪ್ಪಳಕ್ಕೇ ಗುರುತು ಹಿಡಿದರು.

"ಚಂಪಾ ಬಂತಾ? ಬಾ ಗೋ."

"ಬಂದೆ ಆಯೀ!"

ಆ ದನಿ... ನಮ್ಮ ಮನೆಯಲ್ಲಿ ಹದಿನಾರು ವರ್ಷದಲ್ಲಿ ಅವಳು ಹಾಗೆ ಓಗೊಟ್ಟದ್ದನ್ನು ಕೇಳಿಲ್ಲ. ಇವಳಿಲ್ಲದೆ ಮೂರು ದಿನ ಇರಲಾಗದ ಮನುಷ್ಯ ನಾನು. ಒಂದು ಹೆಸರು ಕೇಳಿ ಇಡಲು ಆಗಲಿಲ್ಲವೇ?

೧೧ ಫೆಬ್ರವರಿ, ಭಾನುವಾರ. ಮಧ್ಯಾಹ್ನ ೧೨

ಎಲ್ಲ ಅಳಿಸಿ ಮತ್ತೆ ಸಿಡಿ ಹಾಕಿದೆ. ರೂಟ್ ಪಾಸ್‌ವರ್ಡ್ ಕೇಳುವಲ್ಲಿಗೆ ನಿಲ್ಲಿಸಿದೆ. ಆ ಹೆಸರನ್ನು ಬಾಯೊಳಗೇ ಮೂರು ಸಲ ಹೇಳಿ ನೋಡಿಕೊಂಡು, ಆಮೇಲೆ ಕರೆದೆ.

"ಚಂಪಾ."

ಕಾಯಿ ತುರಿಯುವ ಸದ್ದು ನಿಂತಿತು. ಬಾಗಿಲಿಗೆ ಬಂದಳು.

"ಯಾರನ್ನ ಕರೆದ್ರಿ?"

"ಇಲ್ಲಿ ಹೆಸರು ಕೇಳ್ತದೆ. ನೀನೇ ಹಾಕು. ರೂಟ್ ಪಾಸ್‌ವರ್ಡೂ ನಿಂದೇ ಇರ್ಲಿ. ನಂಗೆ ನೆನಪು ಉಳಿಯೂದಿಲ್ಲ."

ಕೈ ಒರೆಸಿಕೊಂಡು ಕೂತಳು.

"ಹಾಗಾರೆ ಆಚೆ ತಿರುಗಿ ನಿಲ್ಲಿ."

ನಿಂತೆ. ಕ್ಯಾಲೆಂಡರಿನ ಏಕಾದಶಿಗಳನ್ನೆಲ್ಲ ಎಣಿಸಿದೆ. ಬೆನ್ನ ಹಿಂದೆ ಒಂದೇ ಬೆರಳಿನ ಟಕ್... ಟಕ್.

"ಮುಗೀತಾ?"

"ತಡೀರಿ. ನಿಮ್ದೂ ಹಾಕ್ಬೇಕಲ್ಲ."

ನನ್ನದು! ಗಂಡನ ಹೆಸರು ಹೇಳಬಾರದು ಅಂತ ಅವಳ ಆಯಿ ಕಲಿಸಿದ್ದು. ರೇಶನ್ ಕಾರ್ಡಿನವರು ಕೇಳಿದರೂ ಬೆರಳು ಮಾಡಿ ನನ್ನನ್ನು ತೋರಿಸುವವಳು.

ಮಧ್ಯಾಹ್ನ ೨

ಇನ್‌ಸ್ಟಾಲ್ ಮುಗಿಯಿತು. ಸ್ಕ್ರೀನ್ ಮೇಲೆ ಅದೇ ಬೆಕ್ಕು, ಕೆಳಗೆ 'ಚಂಪಾ ದೀಪಾಲಿ'.

"ದೀಪಾಲಿ ಎಂತಕ್ಕೆ ಮತ್ತೆ?" ಅಂದೆ.

"ಹದಿನಾರು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದ್ದು ಅದೇ ಅಲ್ಲಾ? ಅದನ್ನ ಎಲ್ಲಿಗೆ ಓಡಿಸೂದು?"

ಪಕ್ಕದಲ್ಲಿ ಒಂದು ಆಮೆ. ಅದರ ಕೆಳಗೆ ದೇವಿದಾಸ. ನನ್ನ ಪಾಸ್‌ವರ್ಡ್ ಕೇಳಿದರೆ, ಊಟ ಆದ ಮೇಲೆ ಹೇಳುತ್ತಾಳಂತೆ. ಅವಳೀಗ ಯಜಮಾನಿ. ತಟ್ಟೆ ಇಡುವ ಸದ್ದು ಆಗುತ್ತಿದೆ, ಇನ್ನೇನು ಎಂದಿನಂತೆ 'ಅಹೋ, ಬನ್ನಿ' ಅನ್ನುತ್ತಾಳೆ, ಡೈರಿ ಮುಚ್ಚ—

ಕರೆದಳು. ಅಹೋ ಅಲ್ಲ. ನನ್ನ ಹೆಸರು ಹಿಡಿದು. ಮೆಲ್ಲಗೆ, ಸಾರಿನ ಉಪ್ಪು ನೋಡುವ ಹಾಗೆ.

ಕೇಳಿಸಿದರೂ ಸುಮ್ಮನೆ ಕೂತಿದ್ದೇನೆ. ಇನ್ನೊಂದು ಸಲ ಕರೆಯಲಿ ಅಂತ—